ಮೂರು ಪತ್ರ, ಒಂದು ಪಾಲು

ಖಾಸಬಾಗ, ಬೆಳಗಾವಿ
ಸೋಮವಾರ, 25 ಅಕ್ಟೋಬರ್ 1926. ಬೆಳಿಗ್ಗೆ 6

ನಿನ್ನೆಯ ಕಮಿಟಿಯ ನಡವಳಿ ಬರೆದು ಮುಗಿಸಿದೆ. ವಾದ ವಿವಾದ ಬಿಟ್ಟು ಸಂಗತಿಗಳನ್ನಷ್ಟೇ ಇಲ್ಲಿ ಕ್ರಮವಾಗಿ ಇಟ್ಟುಕೊಳ್ಳುತ್ತೇನೆ.

1. ಕರೆಪ್ಪ. ಕುರಿ ಕಾಯುವವನು, ವಯಸ್ಸು ಸುಮಾರು ಮೂವತ್ತು. ಖಾನಾಪುರದ ಆಚೆ ಹಟ್ಟಿ. ಎರಡು ವರ್ಷಗಳ ಹಿಂದೆ ಹೆಂಡತಿ ಕಾಡವ್ವನೊಡನೆ ದೀಕ್ಷಾಸ್ನಾನ ಪಡೆದು ನಮ್ಮ ಕ್ರೈಸ್ತ ಸಭೆಗೆ ಸೇರಿದ.

2. ಅಣ್ಣ ಮಾಯಪ್ಪ ಸೇರಲಿಲ್ಲ. ಮಂದೆ ಮಾತ್ರ ಇಬ್ಬರದೂ ಕೂಡಿಯೇ ಇದೆ.

3. ದಸರೆಯ ಮರುದಿನ ಹಟ್ಟಿಯಲ್ಲಿ ಮನೆದೇವರಿಗೆ ಟಗರು ಕಡಿದರು. ಮಾಂಸವನ್ನು ಮುತ್ತಲ ಎಲೆಗಳ ಮೇಲೆ ಒಲೆಗೊಂದರಂತೆ ಗುಂಪು ಹಾಕುವುದು ಅವರ ಪದ್ಧತಿ. ಅದನ್ನು ಪಾಲು ಎನ್ನುತ್ತಾರೆ. ಪಾಲು ಎತ್ತಿದವನು ಅಣ್ಣತಮ್ಮಂದಿರಲ್ಲಿ ಒಬ್ಬ. ಎತ್ತದವನು ಮಂದೆಯಿಂದಲೂ ಹಟ್ಟಿಯಿಂದಲೂ ಬೇರೆಯಾದಂತೆ.

4. ಕರೆಪ್ಪ ಎತ್ತಿದ. ಮನೆಗೆ ಒಯ್ದ. ತಿಂದ.

5. ಎತ್ತಿದ್ದನ್ನು ಬಾಳಪ್ಪನವರು ಕಣ್ಣಾರೆ ಕಂಡರು. ಅವರು ರವಿವಾರ ಪೇಟೆಯ ಧಾನ್ಯದಂಗಡಿಯಲ್ಲಿ ತೂಕದ ಗುಮಾಸ್ತರು, ನಮ್ಮ ಸಭೆಯ ನಾಲ್ವರು ಹಿರಿಯರಲ್ಲಿ ಒಬ್ಬರು. ಭತ್ತದ ಬೆಳೆ ನೋಡಲು ಆ ಕಡೆ ಹೋಗಿದ್ದರು. ಸುಳ್ಳು ಹೇಳುವ ಮನುಷ್ಯರಲ್ಲ.

6. ಅವರ ಸೂಚನೆ: ಕರೆಪ್ಪನನ್ನು ಕರ್ತನ ಭೋಜನದಿಂದ, ಎಂದರೆ ಸಭೆಯ ರೊಟ್ಟಿ ದ್ರಾಕ್ಷಾರಸದ ಪಂಕ್ತಿಯಿಂದ, ಹೊರಗಿಟ್ಟು ಸಭೆಯ ಪಟ್ಟಿಯಿಂದ ಹೆಸರು ಹೊಡೆಯತಕ್ಕದ್ದು.

7. ಹಿರಿಯರಲ್ಲಿ ಇಬ್ಬರು ಹೌದೆಂದರು, ಇಬ್ಬರು ಬೇಡವೆಂದರು. ಕಾರ್ಯದರ್ಶಿಯಾದ ನನ್ನ ಮತ ಉಳಿದಿದೆ. ನವೆಂಬರ್ 28ರಂದು ಲಿಖಿತ ಅಭಿಪ್ರಾಯದೊಡನೆ ಕೊಡಬೇಕು. ಭೋಜನ ಡಿಸೆಂಬರ್ 5ರಂದು.

ಪಾಲು ಬಿಟ್ಟರೆ ಕರೆಪ್ಪನಿಗೆ ಹಟ್ಟಿ ಇಲ್ಲ. ಎತ್ತಿದರೆ ಸಭೆ ಇಲ್ಲ. ಇದಿಷ್ಟೇ ಪ್ರಶ್ನೆ.

ಎದ್ದು ಹೊರಡುವಾಗ ಬಾಳಪ್ಪನವರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ ಹೇಳಿದರು: “ಓವರ್‌ಸಿಯರ್ ಸಾಹೇಬರು ಬರಿಯೂದು ಬರೀತಾರ. ತಾವು ಆ ಮಾಂಸ ತಿಂತಾರೇನು, ಅಷ್ಟ ಹೇಳ್ಲಿ.”

ಈ ಮಾತನ್ನು ನಡವಳಿಯಲ್ಲಿ ಸೇರಿಸಿಲ್ಲ.

ಬುಧವಾರ, 27 ಅಕ್ಟೋಬರ್

ಕಚೇರಿಯಿಂದ ಬೇಗ ಬಂದೆ. ಸತ್ಯವೇದದಲ್ಲಿ ಈ ವಿಷಯವಿರುವ ಸ್ಥಳಗಳಿಗೆ ಕಾಗದದ ಚೂರು ಇಟ್ಟೆ. ಮುಖ್ಯವಾದವು ಮೂರು. ಮೂರೂ ಪತ್ರಗಳೇ.

ಒಂದು, ಯೆರೂಸಲೇಮಿನ ಹಿರಿಯರು ಅಂತಿಯೋಕ್ಯ ಪಟ್ಟಣ, ಸಿರಿಯ, ಕಿಲಿಕ್ಯ ಪ್ರಾಂತ್ಯಗಳ ಯೆಹೂದ್ಯರಲ್ಲದ ಸಹೋದರರಿಗೆ ಕಳಿಸಿದ್ದು. ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಿರಿ ಎಂದಿದೆ. ಎರಡು, ಪೌಲನು ಕೊರಿಂಥ ಪಟ್ಟಣದವರಿಗೆ ಬರೆದದ್ದು. ದೇವರ ಗುಡಿಯೊಳಗಿನ ಪಂಕ್ತಿಗೆ ಕೂಡಬೇಡಿರಿ. ಆದರೆ ಮನೆಯಲ್ಲಿ ಮುಂದೆ ಇಟ್ಟದ್ದನ್ನು ಕೇಳದೆ ತಿನ್ನಿರಿ, ನಿಮ್ಮ ತಿನ್ನುವಿಕೆಯಿಂದ ಒಬ್ಬ ಸಹೋದರ ಎಡವುವುದಾದರೆ ಬಿಡಿರಿ ಎಂದಿದೆ. ಮೂರು, ಸತ್ಯವೇದದ ಕೊನೆಯ ಪುಸ್ತಕದಲ್ಲಿ ಆಸ್ಯದ ಏಳು ಸಭೆಗಳಿಗೆ ಹೋದ ಪತ್ರಗಳಲ್ಲಿ ಎರಡು. ತಿಂದವರನ್ನು ಕಠಿಣವಾಗಿ ಗದರಿಸಿವೆ.

ಬಾಳಪ್ಪನವರು ಮೊದಲನೆಯದನ್ನೂ ಮೂರನೆಯದನ್ನೂ ಹಿಡಿದಿದ್ದಾರೆ. ಬೇಡವೆಂದ ಹಿರಿಯರಿಬ್ಬರು ಎರಡನೆಯದನ್ನು, ಅದರಲ್ಲೂ ಅರ್ಧವನ್ನು. ನಿನ್ನೆ ಮೊನ್ನೆಯ ಗಲಾಟೆಯೆಲ್ಲ ಯಾರ ಹಾಳೆ ಮೇಲು ಎಂಬುದರ ಬಗ್ಗೆ. ಪತ್ರ ಯಾರಿಗೆ ಬರೆದದ್ದೆಂದು ಒಬ್ಬರೂ ಕೇಳಲಿಲ್ಲ.

ನನಗೆ ಇದು ಕಷ್ಟದ ಕೆಲಸವೆಂದು ತೋರುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ರಸ್ತೆ ಸೇತುವೆಗಳ ಇಲಾಖೆಯ ಪತ್ರಗಳನ್ನೇ ಓದುತ್ತಿದ್ದೇನೆ.

ಶನಿವಾರ, 30 ಅಕ್ಟೋಬರ್

ಸಭಾಪಾಲಕ ಕಲ್ಲಯ್ಯನವರು ಮನೆಗೆ ಬಂದರು. ಅವರಿಗೆ ಮತವಿಲ್ಲ, ಆದರೆ ಚಿಂತೆ ಇದೆ. ನನ್ನ ಆಲೋಚನೆಯ ಹಾದಿ ತಿಳಿಸಲು 1909ರ ಮೋರಿಯ ಕಥೆ ಹೇಳಿದೆ. ಇದುವರೆಗೆ ಹೆಂಡತಿ ಚಂದ್ರಭಾಗಾಳಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಒಂದು ಸರ್ಕ್ಯುಲರ್ ಬಂತು. ಹಳ್ಳದ ಜಲಾನಯನ ಇಷ್ಟಿದ್ದರೆ ಮೋರಿಯ ಅಗಲ ಇಷ್ಟಿರಲಿ ಎಂಬ ಕೋಷ್ಟಕ. ಮೂಡಲ ಬಯಲಿನ ಒಂದು ಜಿಲ್ಲೆಯ ಎಂಜಿನಿಯರರಿಗೆ ಬರೆದದ್ದು. ನಮಗೆ ಬಂದದ್ದು ಪ್ರತಿ. ಮೂಲೆಯಲ್ಲಿ “ಮಾಹಿತಿಗಾಗಿ” ಎಂದಿತ್ತು, “ಪಾಲನೆಗಾಗಿ” ಎಂದಲ್ಲ. ನಾನು ವಿಳಾಸ ಓದಲಿಲ್ಲ. ಕೋಷ್ಟಕ ಚೆನ್ನಾಗಿತ್ತು. ಅದರಂತೆ ಖಾನಾಪುರದ ಪಡುವಣ ರಸ್ತೆಗೆ ಮೋರಿ ಕಟ್ಟಿಸಿದೆ. ಆ ಬಯಲಿನಲ್ಲಿ ವರ್ಷಕ್ಕೆ ಇಪ್ಪತ್ತು ಇಂಚು ಮಳೆ. ಖಾನಾಪುರದ ಕಡೆ ಎಂಬತ್ತರ ಮೇಲೆ. ಜುಲೈಯಲ್ಲಿ ಮೋರಿ ಕೊಚ್ಚಿಹೋಯಿತು. ಒಂದು ಗಾಡಿ, ಎರಡು ಎತ್ತು. ಗಾಡಿಯವನು ಬೇರು ಹಿಡಿದು ಬದುಕಿದ.

ಸರ್ಕ್ಯುಲರ್‌ನಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.

ಕಲ್ಲಯ್ಯನವರು ಗಡ್ಡ ತುರಿಸುತ್ತ ಕೇಳಿಸಿಕೊಂಡರು. ಆಮೇಲೆ: “ಆ ಲೆಕ್ಕ ಹಿಡದ್ರ ಎಲ್ಲಾ ಪತ್ರಾನೂ ಬ್ಯಾರೇದವ್ರಿಗೇ ಬಂದಾವ್ರೀ. ಬೆಳಗಾವಿಯವ್ರಿಗೆ ಅಂತ ಒಂದೂ ಇಲ್ಲ. ಸಂದೂಕದಾಗ ಇಟ್ಟು ಕೀಲಿ ಹಾಕೂಣೇನು?”

ಹಾಗಲ್ಲವೆಂದೆ. ಅಷ್ಟು ಪತ್ರಗಳಲ್ಲಿ ಇಷ್ಟನ್ನೇ ಆರಿಸಿ ಒಂದು ಕಡತವಾಗಿ ಹೊಲಿದವರು, ಪ್ರತಿಯೊಂದಕ್ಕೂ ಎಲ್ಲಿಯೋ ಎಂದೋ ಅದರ ಸ್ಥಳ ಸಿಕ್ಕೀತೆಂದು ನಂಬಿ ಹೊಲಿದರು. ಹಾಳೆ ಹರಿಯಲು ನಮಗೆ ಅಧಿಕಾರವಿಲ್ಲ. ಯಾವ ಹಾಳೆ ಯಾವ ಕಾಮಗಾರಿಗೆ ಎಂದು ನೋಡುವ ಜವಾಬ್ದಾರಿ ಇದೆ.

“ನೀವು ಉಪದೇಶಿ ಆಗಬೇಕಿತ್ತು,” ಎಂದರು. “ಆದ್ರ ಮಂದಿ ನಿದ್ದಿ ಮಾಡ್ತಿದ್ರು.”

ಒಳಗಿನಿಂದ ಚಂದ್ರಭಾಗಾ ನಕ್ಕದ್ದು ಕೇಳಿಸಿತು. ಈ ವಿಷಯದಲ್ಲಿ ಅವಳು ಇನ್ನೂ ಒಂದು ಮಾತೂ ಆಡಿಲ್ಲ. ಅವಳ ತಂದೆ ಇಂಥದೇ ಒಂದು ಪಾಲಿನ ಕಾರಣಕ್ಕೆ ಊರು ಬಿಟ್ಟವರು. ಇಂದಿಗೂ ಊರಹಬ್ಬದ ವಾರ ಅವಳು ಮಟನ್ ತರಿಸುವುದಿಲ್ಲ. ಉಳಿದ ದಿನ ದಂಡಿನ ಕ್ಯಾಂಪಿನ ಒಬ್ಬನೇ ಕಸಾಯಿಯಿಂದ. ಶನಿವಾರದ ಸಾರು ನನಗೆ ಬಹಳ ಪ್ರಿಯವಾದ್ದರಿಂದ ಕಾರಣ ವಿಚಾರಿಸಲು ಹೋಗಿಲ್ಲ.

ಖಾನಾಪುರ, ಬಂಗಲೆ
ಸೋಮವಾರ, 8 ನವೆಂಬರ್

ದೀಪಾವಳಿ ಮುಗಿಯಿತು. ಮಲಪ್ರಭೆ ಇಳಿದಿದೆ. ಸೇತುವೆಯ ಎರಡನೆಯ ಕಂಬದ ಬುಡ ಕಾಣುತ್ತಿದೆ. ಇನಾಸ ಮೇಸ್ತ್ರಿಯ ಗಾರೆಯವರು ಹನ್ನೊಂದು ಮಂದಿ ದುರಸ್ತಿಗೆ ಬಂದಿದ್ದಾರೆ. ಇನಾಸ ಗೋವೆಯ ಕಡೆಯ ಕ್ಯಾಥೊಲಿಕ್. ಕೈ ಒಳ್ಳೆಯದು, ಬಾಯಿ ಉದ್ದ.

ಕರೆಪ್ಪನನ್ನು ಕರೆಸಿದ್ದೆ. ಮಧ್ಯಾಹ್ನ ಬಂದ. ಕಂಬಳಿ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು ಕಲ್ಲಿನ ಮೇಲೆ ಕುಳಿತ. 23ರ ಮಂಗಳವಾರ ಹಟ್ಟಿಯಲ್ಲಿ ಮತ್ತೆ ಟಗರು ಕಡಿಯುತ್ತಾರಂತೆ. ಮತ್ತೆ ಪಾಲು. ಕಮಿಟಿಗೆ ಐದು ದಿನ ಮೊದಲು.

ನಾನು ಯೋಚಿಸಿಟ್ಟಿದ್ದ ವ್ಯವಸ್ಥೆ ತಿಳಿಸಿದೆ. ಖಾನಾಪುರದ ಪೇಟೆಯಿಂದ ಮುನ್ನವೇ ಅಷ್ಟೇ ತೂಕದ ಮಾಂಸ ತಂದಿಟ್ಟುಕೊಳ್ಳುವುದು. ಪಾಲು ಎತ್ತುವುದು, ಮನೆಗೆ ಹೋಗುವ ದಾರಿಯಲ್ಲಿ ಬದಲಾಯಿಸುವುದು, ಅರ್ಪಿಸಿದ್ದನ್ನು ನಾಯಿಗೆ ಹಾಕಿ ಪೇಟೆಯದನ್ನು ಅಣ್ಣನ ಪಂಕ್ತಿಯಲ್ಲಿ ಕುಳಿತು ಉಣ್ಣುವುದು. ಹಟ್ಟಿಯವರ ಕಣ್ಣಿಗೆ ಪಾಲು ತಿಂದಂತೆ. ಸಭೆಯ ಕಣ್ಣಿಗೆ ತಿನ್ನದಂತೆ. ಎರಡು ಕಡೆಯ ಭಾರವೂ ಇಳಿಯುತ್ತದೆ.

ಅವನು ತೊಡೆಯ ಮೇಲಿನ ಕಂಬಳಿಯನ್ನು ಮತ್ತೊಮ್ಮೆ ಮಡಿಸಿದ. “ನೀವು ತಿಳದವ್ರು. ಹೇಳಿದ್ರ ಮಾಡ್ತೀನ್ರಿ,” ಎಂದ. “ಕಾಡವ್ವಗ ಒಂದ ಮಾತ ಕೇಳ್ತೀನಿ.”

ಮಂಗಳವಾರ, 9 ನವೆಂಬರ್

ಅಭಿಪ್ರಾಯದ ಕರಡು ಎರಡು ಪುಟ. ಪ್ರಶ್ನೆಯೇ ಉಳಿಯದಂತೆ ಮಾಡಿದ್ದೇನೆಂದು ಬರೆದೆ. ಬಾಳಪ್ಪನವರಿಗೂ ಆಕ್ಷೇಪಣೆಗೆ ಎಡೆಯಿಲ್ಲ. ಚೆನ್ನಾಗಿ ನಿದ್ರೆ ಬಂತು.

ಶುಕ್ರವಾರ, 12 ನವೆಂಬರ್. ಮಧ್ಯಾಹ್ನ 1

ಊಟದ ವಿರಾಮ. ಇನಾಸ ತಂಬಾಕು ತಿಕ್ಕುತ್ತ ಬಂದು ಎದುರಿಗೆ ಕುಕ್ಕರಿಸಿದ. ಮೊನ್ನೆ ಕರೆಪ್ಪನಿಗೆ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು.

“ಸಿಟ್ಟಿಗೆ ಬರಬ್ಯಾಡ್ರಿ ಸಾಹೇಬ. ನಮ್ಮ ಪುಸ್ತಕದಾಗ ಒಬ್ಬ ಮುದುಕಗೂ ಹಿಂಗ ಹೇಳಿದ್ರು.”

ಕಥೆ ಹೇಳಿದ. ಪಾದ್ರಿ ವರ್ಷಕ್ಕೊಮ್ಮೆ ಓದುತ್ತಾರಂತೆ. ಒಬ್ಬ ದುಷ್ಟ ಅರಸು ಯೆಹೂದ್ಯರಿಗೆ ನಿಷಿದ್ಧ ಮಾಂಸ ತಿನ್ನಿಸುತ್ತಿದ್ದ. ತೊಂಬತ್ತು ವರ್ಷದ ಒಬ್ಬ ಶಾಸ್ತ್ರಿ ಉಗುಳಿಬಿಟ್ಟ. ಅಧಿಕಾರಿಗಳಲ್ಲಿ ಅವನ ಹಳೆಯ ಸ್ನೇಹಿತರಿದ್ದರು. ಪಕ್ಕಕ್ಕೆ ಕರೆದು ಹೇಳಿದರು: ನಿನ್ನ ಮನೆಯಿಂದಲೇ ಮಾಂಸ ತಾ, ಅದನ್ನು ತಿನ್ನು, ಇದನ್ನೇ ತಿಂದಂತೆ ತೋರಿಸು, ಜೀವ ಉಳಿಯುತ್ತದೆ. ಮುದುಕ ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ನಟಿಸಿದರೆ ಹುಡುಗರು ಏನು ಕಲಿತಾರು ಎಂದನಂತೆ. ಹೊಡೆದು ಕೊಂದರು.

ಆ ಪುಸ್ತಕ ನಮ್ಮ ಸತ್ಯವೇದದಲ್ಲಿ ಇಲ್ಲವೆಂದು ಹೇಳಿದೆ. ಅದು ವಸ್ತುಸ್ಥಿತಿ.

“ನಿಮ್ಮದರಾಗ ಇಲ್ಲಂದ್ರ ಮುದುಕ ಏನ್ ಮಾಡ್ಯಾನ್ರಿ,” ಎಂದ ಇನಾಸ. ತಂಬಾಕು ಬಾಯಿಗಿಟ್ಟುಕೊಂಡು ಎದ್ದ. ಎರಡು ಹೆಜ್ಜೆ ಹೋಗಿ ತಿರುಗಿದ. “ಹೋದ ವರ್ಷ ಬಿರುಕಿನ ಮ್ಯಾಲ ಗಿಲಾವ ಮಾಡಿದ್ದಕ್ಕ ನನ್ನ ಕಡಿಂದ ಎಲ್ಲಾ ಕೆತ್ತಿಸಿದ್ರಿ. ನೆನಪ ಐತಿಲ್ರಿ?”

ನೆನಪಿದೆ. ಬಿರುಕು ಮುಚ್ಚಿದ್ದ ಗಾರೆಯನ್ನು ಹನ್ನೆರಡು ಅಡಿ ಕೆತ್ತಿಸಿದ್ದೆ. ಎಲ್ಲರೆದುರು.

ಖಾಸಬಾಗ
ಭಾನುವಾರ, 14 ನವೆಂಬರ್

ಆರಾಧನೆಯ ನಂತರ ಕಲ್ಲಯ್ಯನವರಿಂದ ಕಪಾಟಿನ ಬೀಗದ ಕೈ ಕೇಳಿದೆ. ಒಳಗೆ ಹಳೆಯ ಇಂಗ್ಲಿಷ್ ಸತ್ಯವೇದ ಒಂದಿದೆ. ಯಾವನೋ ದೊರೆ ಬಿಟ್ಟುಹೋದದ್ದು. ಹಳೆಯ ಮತ್ತು ಹೊಸ ಒಡಂಬಡಿಕೆಗಳ ನಡುವೆ, ನಮ್ಮ ಕನ್ನಡ ಪುಸ್ತಕದಲ್ಲಿ ಒಂದೂ ಹಾಳೆ ಇಲ್ಲದ ಜಾಗದಲ್ಲಿ, ಅದರಲ್ಲಿ ಹದಿನಾಲ್ಕು ಪುಸ್ತಕಗಳಿವೆ. ಹಾಳೆಗಳು ತೇವಕ್ಕೆ ಅಂಟಿಕೊಂಡಿದ್ದವು. ಇಷ್ಟು ವರ್ಷ ಯಾರೂ ತೆರೆದಿಲ್ಲ. ಡ್ರಾಯಿಂಗ್‌ನ ದಂತದ ಚೂರಿಯಿಂದ ಒಂದೊಂದಾಗಿ ಬಿಡಿಸಿದೆ.

ಮುದುಕ ಅಲ್ಲಿದ್ದಾನೆ. ಇನಾಸ ಹೇಳಿದ್ದರಲ್ಲಿ ಒಂದು ಅಂಶವೂ ಹೆಚ್ಚಿಲ್ಲ.

ಕಲ್ಲಯ್ಯನವರು ಪಕ್ಕದಲ್ಲೇ ಕುಳಿತಿದ್ದರು. ಈ ಪುಸ್ತಕಗಳ ಸ್ಥಾನವೇನೆಂದು ಕೇಳಿದೆ. ಅವರ ಉತ್ತರ: ರೋಮಿನವರು, ಎಂದರೆ ಇನಾಸನಂಥ ಕ್ಯಾಥೊಲಿಕರು, ಇವನ್ನೂ ಸರಿಸಮವಾಗಿ ಎಣಿಸುತ್ತಾರೆ. ನಮ್ಮ ಹಿರಿಯರು ಎಣಿಸಲಿಲ್ಲ. ಯೆಹೂದ್ಯರ ಇಬ್ರಿಯ ಪಟ್ಟಿಯಲ್ಲಿ ಇವು ಇರಲಿಲ್ಲವೆಂಬುದು ಕಾರಣ. ಆದರೂ ಕೆಲವರು, ಸಿದ್ಧಾಂತಕ್ಕೆ ಆಧಾರವಾಗಿ ಬೇಡ, ನಡತೆಯ ಮಾದರಿಗಾಗಿ ಓದಬಹುದು ಎಂದರು. ಆಮೇಲೆ ಅಚ್ಚು ಮಾಡುವವರು ಬಿಟ್ಟೇಬಿಟ್ಟರು.

ಬಿಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ. ಮೊಹರಿಲ್ಲದ ನಕ್ಷೆಯ ಮೇಲೆ ಕಟ್ಟಲಾಗದು. ಆದರೆ ಮೊಹರಿಲ್ಲವೆಂದ ಮಾತ್ರಕ್ಕೆ ಅದರಲ್ಲಿ ಗುರುತಿಸಿದ ಬಂಡೆ ನೀರಿನಡಿಯಿಂದ ಮಾಯವಾಗುವುದಿಲ್ಲ. ನನ್ನ ವ್ಯವಸ್ಥೆ ಆ ಬಂಡೆಗೆ ಬಡಿದಿದೆ. ಆ ಮುದುಕನ ಸ್ನೇಹಿತರು ಕೆಟ್ಟವರಲ್ಲ. ಬುದ್ಧಿವಂತರು. ಸ್ವಲ್ಪ ನನ್ನ ಹಾಗೆ.

ಕರಡು ಹರಿದೆ. ಕರೆಪ್ಪನಿಗೆ ಕೊಟ್ಟ ಮಾತು 23ರೊಳಗೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಕಾಗದ ಬರೆದರೆ ಓದಿ ಹೇಳುವವರು ಹಟ್ಟಿಯಲ್ಲಿಲ್ಲ. ಹೋಗಬೇಕು.

ಖಾನಾಪುರ
ಶನಿವಾರ, 20 ನವೆಂಬರ್. ಸಂಜೆ 5

ಹಟ್ಟಿಗೆ ಹೋಗಿ ಬಂದೆ. ಬಂಗಲೆಯಿಂದ ಮೂರು ಮೈಲಿ, ಕೊನೆಯ ಮೈಲಿ ಕೆಂಪು ಮಣ್ಣಿನ ಇಳಿಜಾರು.

ಮಾಯಪ್ಪ ಕಂಬಳಿ ಕೊಡವಿ ಹಾಸಿದ. “ಬರ್ರಿ, ಕುಂದರ್ರಿ.” ತಮ್ಮನಿಗಿಂತ ಹತ್ತು ವರ್ಷ ಹಿರಿಯ. ಕಿವಿಯಲ್ಲಿ ಕಡಕು, ಕೈಯಲ್ಲಿ ಉಣ್ಣೆ ಕತ್ತರಿ. ಕಾಡವ್ವ ಗುಡಿಸಲಿನ ಬಾಗಿಲಲ್ಲಿ ಮಜ್ಜಿಗೆ ಹಿಡಿದು ನಿಂತಳು. ಕರೆಪ್ಪ ನೆಲ ನೋಡುತ್ತಿದ್ದ.

ಏಕಾಂತದಲ್ಲಿ ಹೇಳಬೇಕೆಂದಿದ್ದೆ. ಅಗತ್ಯವೇ ಬೀಳಲಿಲ್ಲ.

“ಪ್ಯಾಟಿ ಮಾಂಸದ ಸುದ್ದಿ ಹೇಳಾಕ ಬಂದೀರೇನ್ರಿ?” ಎಂದಳು ಕಾಡವ್ವ. “ನಾ ಭಾವಗ ಅವತ್ತ ಹೇಳಿಬಿಟ್ಟೀನಿ. ಒಂದ ಪಂಕ್ತ್ಯಾಗ ಕುಂತು, ಕಳ್ಳ ಮಾಂಸ ತಿಂದು, ಅವರ ಮಾರಿ ನೋಡಾಕ ನನಗಾಗೂದಿಲ್ಲ.”

ಮಾಯಪ್ಪನಿಗೆ ನಗು ತಡೆಯಲಾಗಲಿಲ್ಲ. “ಸಾಹೇಬ್ರ, ಸೇತುವಿ ಸುದ್ದಿ ನೀವು ಹೇಳ್ರಿ, ನಾ ಕೇಳ್ತೀನಿ. ನನ್ನ ಟಗರಿನ ಮಾಂಸ ಯಾವ್ದು, ಪ್ಯಾಟೀದು ಯಾವ್ದು, ಕಣ್ಣ ಕಟ್ಟಿ ಕೈಯಾಗ ಕೊಟ್ರೂ ನಾ ಹೇಳ್ತೀನಿ. ಆ ಟಗರ ನನ್ನ ತೊಡಿ ಮ್ಯಾಲ ಬೆಳದೈತಿ.”

ಅಷ್ಟೇ ತೂಕ ಎಂದು ಹೇಳಿದ್ದು ನೆನಪಾಯಿತು. ಮಜ್ಜಿಗೆ ಕುಡಿದೆ.

ನನ್ನ ಸಲಹೆ ತಪ್ಪೆಂದು ಮೂವರ ಮುಂದೆ ಹೇಳಿದೆ. ಆಮೇಲೆ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ: ಪಾಲು ಎತ್ತುವಾಗ ದೇವರ ಹೆಸರು ಹೇಳಬೇಕೆ? ಬಾಗಬೇಕೆ?

ಉತ್ತರ ಕೊಟ್ಟವನು ಮಾಯಪ್ಪ. ಅವನ ಮಾತು ಆದಷ್ಟು ಇದ್ದಂತೆಯೇ ಬರೆದುಕೊಳ್ಳುತ್ತೇನೆ.

“ನಾವು ಹೆಸರ ತಗೊಂಡು ಬಗ್ಗಿ ಎತ್ತತೀವ್ರಿ. ನಿಮ್ಮ ಸಭಾ ಸೇರಿದ ವರ್ಷ ಇಂವ ಎಲ್ಲಾರ ಮುಂದ ನಿಂತು ಹೇಳಿದ, ಅಣ್ಣಾ, ನಾ ಹೆಸರ ತಗೊಳ್ಳಂಗಿಲ್ಲ, ಬಗ್ಗಂಗಿಲ್ಲ, ನಿನ್ನ ಕೈಯಾಗಿಂದು ಅಂತ ತಗೋತೀನಿ, ಬ್ಯಾಡಂದ್ರ ಬಿಡ್ತೀನಿ ಅಂತ. ಮೂರ ತಿಂಗಳ ಇಂವನ ಜೋಡಿ ಮಾತ ಬಿಟ್ಟಿದ್ದೆ. ಆಮ್ಯಾಲ ಅವ್ವ ಹಾಸಿಗಿ ಹಿಡದ್ಲು. ಮಳ್ಯಾಗ ಹೆಗಲ ಮ್ಯಾಲ ಹೊತ್ತು ಖಾನಾಪುರಕ್ಕ ಒಯ್ದಂವ ಇವನ. ಅವ್ವ ಸಾಯೂಮುಂದ ಹೇಳಿದ್ಲು, ಇಂವನ ಎಲಿ ತೆಗೀಬ್ಯಾಡ ಅಂತ. ಈಗ ದೇವರಿಗೆ ಮೊದಲ ನಮ್ಮ ಕೈ ಮುಗಿಯೂದ ಆಗ್ತೈತಿ. ಇಂವ ಬಾಜೂಕ ನಿಂತಿರ್ತಾನ. ಎಲ್ಲಾರೂ ಬಗ್ತಾರ, ಇಂವ ನಿಂತ ಎತ್ತತಾನ. ಸುತ್ತ ಐದ ಹಟ್ಟಿಗೆ ಗೊತ್ತೈತ್ರಿ.”

ಗೊತ್ತಿಲ್ಲದವರು ಬಾಳಪ್ಪನವರು ಮತ್ತು ನಾನು. ಅವರು ಬದುವಿನ ಮೇಲಿಂದ ಕಂಡರು, ಇಳಿದು ಬಂದು ಕೇಳಲಿಲ್ಲ. ನಾನು ನಾಲ್ಕು ವಾರ ಮೂರು ಪತ್ರಗಳ ವಿಳಾಸ ಓದಿದೆ, ಸ್ಥಳ ನೋಡಲಿಲ್ಲ. 1909ರಿಂದ ಅರ್ಧ ಪಾಠ ಮಾತ್ರ ಕಲಿತಿದ್ದೆನೆಂದು ತೋರುತ್ತದೆ.

ಹೊರಟಾಗ ಮಾಯಪ್ಪ ಜೊತೆಗೆ ಬದುವಿನವರೆಗೆ ಬಂದ. “ಮಂಗಳವಾರ ಬರ್ರಿ. ನಿಮ್ಮ ಹೆಸರಲೆ ಒಂದ ಎಲಿ ಹಾಕ್ತೀನಿ.” ಮಂಗಳವಾರ ಬೆಳಗಾವಿಯಲ್ಲಿ ಕೆಲಸವಿದೆಯೆಂದೆ. ಇರುವುದು ಹೌದು. “ಹಂಗಾರ ಮುಂದಿನ ಸಲ. ತಮ್ಮನ ಸಭಾದವ್ರೊಬ್ಬರು ನಮ್ಮ ಜೋಡಿ ಉಂಡ್ರ ಅಂತಂದ್ರ ಅವ್ವಗ ಸಮಾಧಾನ ಆಕ್ಕಿತ್ತು.”

ಆಗಲಿ ಎಂದೆ. ಬಹಳ ಸುಲಭವಾಗಿ ಬಾಯಿಂದ ಬಂತು.

ಖಾಸಬಾಗ
ಬುಧವಾರ, 24 ನವೆಂಬರ್

ಕರೆಪ್ಪ ರೈಲಿಗೆ ಬಂದು ಕಲ್ಲಯ್ಯನವರಿಗೆ ತಾನೇ ವರದಿ ಕೊಟ್ಟು ಹೋದನಂತೆ. ನಿನ್ನೆ ಪಾಲು ಎತ್ತಿದ. ನಿಂತು ಎತ್ತಿದ. ತಿಂದ. ಮುಚ್ಚುಮರೆ ಇಲ್ಲ. “ಹೊರಗ ಹಾಕಿದ್ರ ಹೊರಗ ಕುಂದರ್ತೀನ್ರಿ, ಹಾಡಾ ಅಲ್ಲೀತನಕ ಕೇಳಿಸ್ತಾವ,” ಎಂದನಂತೆ.

ಹೊಸ ಕರಡು ಆರಂಭಿಸಿದೆ. ಸರಾಗವಾಗಿ ಬರುತ್ತಿದೆ.

ಅಂತಿಯೋಕ್ಯದ ಪತ್ರ: ಬೇರೆ ಬೇರೆ ಮನೆತನದಿಂದ ಬಂದವರು ಒಂದೇ ಪಂಕ್ತಿಯಲ್ಲಿ ಕೂಡುವುದು ಹೇಗೆಂಬ ಜಗಳಕ್ಕೆ ಬರೆದದ್ದು. ಅದರ ಉದ್ದೇಶ ಪಂಕ್ತಿ ಮುರಿಯದಿರುವುದು. ಅದನ್ನೇ ಹಿಡಿದು ಒಬ್ಬನನ್ನು ಪಂಕ್ತಿಯಿಂದ ಎಬ್ಬಿಸುವುದು ಕೋಷ್ಟಕ ನೋಡಿ ವಿಳಾಸ ಬಿಟ್ಟಂತೆ. ಏಳು ಸಭೆಗಳ ಪತ್ರ: ನಂಬಿಕೆ ಬಿಡದ ಒಬ್ಬ ಸಾಕ್ಷಿಯ ಕೊಲೆಯಾದ ಊರಿಗೆ ಹೋದದ್ದು. ಅಂಥ ಊರಲ್ಲಿ ಪಂಕ್ತಿಗೆ ಕೂಡುವುದೆಂದರೆ ನಂಬಿಕೆ ಬಿಟ್ಟೆನೆಂದು ಸಾರಿದಂತೆ. ಕರೆಪ್ಪ ಏನನ್ನೂ ಬಿಡಲಿಲ್ಲ; ಐದು ಹಟ್ಟಿಗೆ ತಿಳಿಯುವಂತೆ ಹೇಳಿದ. ಕೊರಿಂಥದ ಪತ್ರವೇ ಅವನ ಸ್ಥಳಕ್ಕೆ ತಾಳೆಯಾಗುವುದು. ಗುಡಿಯ ಪಂಕ್ತಿಯಲ್ಲ, ಅಣ್ಣನ ಮನೆ. ಮಾಂಸ ಯಾವುದೆಂದು ಅವನಿಗೆ ಗೊತ್ತಿತ್ತು, ಅದು ನಿಜ. ತಾನು ಯಾರವನೆಂದು ಅವರಿಗೂ ಗೊತ್ತಿತ್ತು.

ಗುರುವಾರ, 25 ನವೆಂಬರ್. ಬೆಳಿಗ್ಗೆ 8

ಕರಡನ್ನು ಚಂದ್ರಭಾಗಾಳಿಗೆ ಓದಿದೆ. ಮೆಚ್ಚಿಕೊಳ್ಳಲೆಂದು ಓದಿದೆನೆಂದು ಒಪ್ಪಿಕೊಳ್ಳಬೇಕು. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

ಮುಗಿದ ಮೇಲೆ ಕೇಳಿದಳು: “ಹಂಗಾರ ನಮ್ಮ ಅಪ್ಪ ಸುಮ್ಮನ ಮನಿ ಬಿಟ್ಟು ಬಂದನೇನ್ರಿ?”

ಮದುವೆಯಾಗಿ ಇಪ್ಪತ್ತಾರು ವರ್ಷ. ಮಾವನವರ ಕಥೆಯ ಹೊರಗೆರೆ ಮಾತ್ರ ತಿಳಿದಿತ್ತು. ಇಂದು ಉಳಿದದ್ದು ಹೇಳಿದಳು. ಊರಹಬ್ಬದ ದಿನ ಮನೆಯ ಮುಂದೆ ಪಾಲು ತಂದಿಟ್ಟರು. ದೇವಿಯ ಹೆಸರು ಹೇಳಿ ಎತ್ತು, ಆ ಹೊಸ ನಂಬಿಕೆ ಬಿಟ್ಟೆನೆಂದು ಹೇಳು ಎಂದರು. ಅವರು ಎತ್ತಲಿಲ್ಲ. ಸಂಜೆಯೊಳಗೆ ಬಾವಿ ಇಲ್ಲ, ಕಣ ಇಲ್ಲ. ಒಂದು ಗಾಡಿಯಲ್ಲಿ ಹೆಂಡತಿ, ಎರಡು ಹೆಣ್ಣುಮಕ್ಕಳು. ಚಂದ್ರಭಾಗಾಳಿಗೆ ಆರು ವರ್ಷ. ಎಲೆಯ ಮೇಲಿನ ಮಾಂಸಕ್ಕೆ ನೊಣ ಮುತ್ತಿದ್ದನ್ನು ಗಾಡಿಯಲ್ಲಿ ಕುಳಿತು ನೋಡಿದ್ದು ನೆನಪಿದೆಯಂತೆ. ಆ ದಿನ ಯಾರಿಗೂ ಊಟವಿರಲಿಲ್ಲ.

ಉತ್ತರ ನನ್ನ ಹತ್ತಿರ ಸಿದ್ಧವಿತ್ತು, ಮತ್ತು ಅದು ಸರಿಯಾದ ಉತ್ತರ. ಮಾವನವರಿಗೆ ಬಂದದ್ದು ಏಳು ಸಭೆಗಳ ಪತ್ರ. ಹೆಸರು ಹೇಳೆಂದರು, ಬಿಟ್ಟೆನೆನ್ನು ಎಂದರು. ಅಲ್ಲಿ ತಿನ್ನುವುದು ಸೋಲುವುದು. ಅವರು ಓದಿದ್ದು ಸರಿ, ಮಾಡಿದ್ದು ಸರಿ. ಕರೆಪ್ಪನ ಸ್ಥಳ ಬೇರೆ, ಪತ್ರ ಬೇರೆ. ಎರಡೂ ಒಂದೇ ಹೊಲಿಗೆಯಲ್ಲಿ ಇರುವುದು ಇಬ್ಬರೂ ಬೇಕೆಂದೇ.

ಅವಳು ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ ಹೇಳಿದಳು: “ಅಪ್ಪಗ ಒಂದು ಪತ್ರ ಬಂತು. ಕರೆಪ್ಪಗ ಒಂದು ಬಂತು. ಆಗ್ಲಿ, ಅಂವ ಕುಂದರ್ಲಿ, ನಾ ಬ್ಯಾಡನ್ನಂಗಿಲ್ಲ. ಆ ಹಟ್ಟ್ಯಾಗ ನಿಮಗೂ ಎಲಿ ಹಾಕ್ತಾರಂತಲ್ಲ, ಕಲ್ಲಯ್ಯನವ್ರು ಹೇಳಿದ್ರು. ನೀವು ಉಂಡು ಬಂದ ಕೈಲೆ ಈ ಮನ್ಯಾಗ ನನ್ನ ಬಾಜೂಕ ಕುಂದರವ್ರು.” ಮೊರ ಕೆಳಗಿಟ್ಟಳು. “ನನಗ ಯಾವ ಪತ್ರ ಬಂದೈತ್ರಿ?”

ಕಚೇರಿಗೆ ಹೊತ್ತಾಯಿತೆಂದು ಎದ್ದೆ.

ಶನಿವಾರ, 27 ನವೆಂಬರ್

ಸಾರು ಮಾಡಿದ್ದಳು. ಕ್ಯಾಂಪಿನ ಕಸಾಯಿ. ಇಬ್ಬರೂ ಉಂಡೆವು.

ಕೊರಿಂಥದವರ ಪತ್ರವನ್ನು ಮತ್ತೆ ಮೊದಲಿಂದ ಓದಿದೆ. ಕರೆಪ್ಪನಿಗಾಗಿ ಒಂದರ್ಧ ಮಾತ್ರ ಉಪಯೋಗಿಸಿಕೊಂಡಿದ್ದೆ, ಆ ಹಿರಿಯರಿಬ್ಬರ ಹಾಗೆಯೇ. ಉಳಿದರ್ಧದಲ್ಲಿ ಪೌಲನು, ತನಗೆ ತಿನ್ನಲು ಹಕ್ಕಿದೆಯೆಂದು ಚೆನ್ನಾಗಿ ಬಲ್ಲವನು, ಒಬ್ಬ ಸಹೋದರನಿಗಾಗಿ ಎಂದೆಂದಿಗೂ ಮಾಂಸ ಮುಟ್ಟೆನೆನ್ನುತ್ತಾನೆ. ಅದನ್ನು ಬಾಳಪ್ಪನವರಿಗೆ ಅನ್ವಯಿಸಬೇಕೇ ಎಂದು ಹಿಂದೆ ಯೋಚಿಸಿ, ಅವರು ಎಡವುವವರಲ್ಲ, ಎಡವಿದವರನ್ನು ಎಣಿಸುವವರು ಎಂದು ಪಕ್ಕಕ್ಕಿಟ್ಟಿದ್ದೆ. ಆರು ವರ್ಷದ ಒಂದು ಹುಡುಗಿ ಗಾಡಿಯಲ್ಲಿ ಕುಳಿತಿರುವುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ.

ಚಂದ್ರಭಾಗಾಳಿಗೆ ಯಾವ ಪತ್ರ ಬಂದಿದೆ ಎಂಬುದಕ್ಕೆ ಉತ್ತರ: ಅವಳಿಗೆ ಬಂದಿಲ್ಲ. ಅವಳ ಸಲುವಾಗಿ ನನಗೆ ಬಂದಿದೆ. ಮಾಹಿತಿಗಾಗಿ ಅಲ್ಲ.

ಭಾನುವಾರ, 28 ನವೆಂಬರ್. ಬೆಳಿಗ್ಗೆ 7

ಅಭಿಪ್ರಾಯ ಮೂರು ಪುಟ. ಶಾಯಿ ಒಣಗಿದೆ. ಪೇಟೆಯ ಮಾಂಸದ ಸಲಹೆ ನನ್ನದೆಂದೂ ತಪ್ಪೆಂದೂ ಎರಡನೆಯ ಪುಟದಲ್ಲಿ ಸೇರಿಸಿದ್ದೇನೆ. ಬಾಳಪ್ಪನವರು ಬಾಗಿಲಲ್ಲಿ ಕೇಳಿದ ಪ್ರಶ್ನೆಗೆ ಕೊನೆಯಲ್ಲಿ ಎರಡು ಸಾಲು. ಅವರು ಗೆದ್ದೆನೆಂದುಕೊಳ್ಳಬಹುದು. ಮತ ಎಣಿಸುವವರೆಗೆ.

ನಿರ್ಧಾರ. ಕರೆಪ್ಪನ ಹೆಸರು ಪಟ್ಟಿಯಲ್ಲಿ ಇರಬೇಕೆಂದು ಮತ ಕೊಡುತ್ತೇನೆ. ಡಿಸೆಂಬರ್ 5ರ ಭೋಜನದಲ್ಲಿ ಅವನ ಪಕ್ಕದಲ್ಲಿ ಕೂಡುತ್ತೇನೆ. ಅದಕ್ಕೆ ಮೊದಲು ಹಟ್ಟಿಗೆ ಹೋಗಿ, ನನಗೆ ಎಲೆ ಹಾಕಬೇಡವೆಂದು ಮಾಯಪ್ಪನಿಗೆ ಕಾರಣ ಸಹಿತ ಹೇಳುತ್ತೇನೆ. ನಾನು ತಿನ್ನುವುದಿಲ್ಲ.